ರಕ್ತನಾಳದ ಗೋಡೆಯೊಳಗಿನ ಸಾವುಗಳು

ಚಿಕ್ಕಬಳ್ಳಾಪುರದ ಸಂತೆಯಲ್ಲಾಗಲಿ, ಶಿಡ್ಲಘಟ್ಟದ ರೇಷ್ಮೆಗೂಡಿನ ಮಾರುಕಟ್ಟೆಯಲ್ಲಾಗಲಿ, ಯಾರಿಗೋ ಹೃದಯಾಘಾತವಾಯಿತೆಂಬ ಸುದ್ದಿ ಬಂದಾಗ ಅದರ ಹಿಂದೆಯೇ ಬರುವ ವಿವರಣೆ ಸಾಮಾನ್ಯವಾಗಿ ಒಂದೇ. ಎಣ್ಣೆ, ಕೊಬ್ಬು ಹೆಚ್ಚು ತಿಂದರೆ ಅದು ಹಳೆಯ ನೀರಿನ ಪೈಪಿನಲ್ಲಿ ಪಾಚಿ ಕಟ್ಟಿದಂತೆ ರಕ್ತನಾಳದೊಳಗೆ ಅಂಟಿಕೊಂಡು ದಾರಿ ಮುಚ್ಚುತ್ತದೆ, ಅದನ್ನೇ ಬ್ಲಾಕ್ ಎನ್ನುತ್ತಾರೆ, ಸ್ಟೆಂಟ್ ಹಾಕಿ ದಾರಿ ಬಿಡಿಸಿದರೆ ಕಾಯಿಲೆ ಮುಗಿಯಿತು. ಇದರಲ್ಲಿ ಸತ್ಯದ ಅಂಶವಿಲ್ಲವೆಂದಲ್ಲ. ಕೊಲೆಸ್ಟ್ರಾಲ್ ಇಲ್ಲದೆ ಈ ಕಾಯಿಲೆಯೇ ಇಲ್ಲ. ಆದರೆ ಬ್ಲಾಕ್ ಎಂಬುದು ನಾಳದ ಒಳಮೈಗೆ ಅಂಟಿಕೊಂಡ ಜಿಡ್ಡಲ್ಲ. ಅದು ನಾಳದ ಗೋಡೆಯ ಒಳಗೇ ಬೆಳೆಯುವ ಗಾಯ; ವೈದ್ಯರು ಅದನ್ನು ಪ್ಲಾಕ್ ಎನ್ನುತ್ತಾರೆ. ಆ ಗಾಯದ ನಡುಭಾಗದಲ್ಲಿ ತುಂಬಿಕೊಂಡಿರುವುದರಲ್ಲಿ ದೊಡ್ಡ ಪಾಲು ನಾವು ತಿಂದ ಕೊಬ್ಬಿನದಲ್ಲ, ಅಲ್ಲಿಗೆ ಬಂದು ಸತ್ತು, ಯಾರೂ ತೆರವು ಮಾಡದೆ ಉಳಿದುಹೋದ ನಮ್ಮದೇ ಜೀವಕೋಶಗಳದು.

ಕಾಲೇಜಿನಲ್ಲಿ ಜೀವಶಾಸ್ತ್ರ ಪಾಠ ಮಾಡುವವನಾಗಿ ಈ ವಿಷಯವನ್ನು ಕೆಲವು ವರ್ಷಗಳಿಂದ ಓದಿಕೊಂಡು ಬಂದಿದ್ದೇನೆ. ನಾನು ವೈದ್ಯನಲ್ಲ. ಆದ್ದರಿಂದ ಇಲ್ಲಿರುವುದನ್ನು ಯಾರೂ ಔಷಧ ಚೀಟಿಯಾಗಿ ತೆಗೆದುಕೊಳ್ಳಬಾರದು. ಆದರೆ ಕೋಶಗಳ ಸಾವಿನ ಕಡೆಯಿಂದ ಈ ಕಾಯಿಲೆಯನ್ನು ನೋಡಿದರೆ, ಅದರ ಚಿಕಿತ್ಸೆಯಲ್ಲಿ ಈಚೆಗೆ ನಡೆದಿರುವ ಗೆಲುವು ಸೋಲುಗಳಿಗೆ ಒಂದು ಅರ್ಥ ಹೊಳೆಯುತ್ತದೆ ಎಂಬುದು ನನ್ನ ಅನುಭವ.

ಮೊದಲು ಗಾಯ ಹುಟ್ಟುವ ಬಗೆಯನ್ನು ಚಿಕ್ಕದಾಗಿ ಹೇಳುತ್ತೇನೆ. ಅಪಧಮನಿಗಳು ಕವಲೊಡೆಯುವ, ಬಾಗುವ ಕಡೆಗಳಲ್ಲಿ ರಕ್ತದ ಹರಿವು ಏರುಪೇರಾಗುತ್ತದೆ. ಅಲ್ಲಿ ರಕ್ತದಲ್ಲಿ ಕೊಲೆಸ್ಟ್ರಾಲ್ ಹೊತ್ತೊಯ್ಯುವ ಎಲ್‌ಡಿಎಲ್ ಕಣಗಳು ಒಳಪದರವನ್ನು ದಾಟಿ ಗೋಡೆಯೊಳಗೆ ಹೋಗಿ, ಅಲ್ಲಿನ ಪ್ರೋಟಿಯೋಗ್ಲೈಕಾನ್ ಎಂಬ ಎಳೆಗಳಿಗೆ ಸಿಕ್ಕಿಕೊಳ್ಳುತ್ತವೆ. ಸಿಕ್ಕಿಕೊಂಡ ಕಣಗಳು ಆಕ್ಸಿಡೀಕರಣಗೊಂಡು ರೂಪ ಕೆಡಿಸಿಕೊಂಡಾಗ, ಅವುಗಳನ್ನು ತೆರವುಗೊಳಿಸಲು ರಕ್ತದಿಂದ ಮಾನೋಸೈಟ್ ಎಂಬ ಬಿಳಿ ರಕ್ತಕಣಗಳು ಒಳಗೆ ಬಂದು, ಬೇಡದ್ದನ್ನು ನುಂಗುವ ಮ್ಯಾಕ್ರೋಫೇಜ್‌ಗಳಾಗಿ ಬದಲಾಗುತ್ತವೆ. ಮಾಮೂಲಿ ಎಲ್‌ಡಿಎಲ್ ಅನ್ನು ತನ್ನ ಮೇಲ್ಮೈಯಲ್ಲಿರುವ ಗ್ರಾಹಕವೆಂಬ ಪ್ರೋಟೀನಿನ ಮೂಲಕ ಒಳಗೆಳೆದುಕೊಳ್ಳುವ ಕೋಶಕ್ಕೆ ತನ್ನ ಹೊಟ್ಟೆ ತುಂಬಿದ್ದು ತಿಳಿಯುತ್ತದೆ; ಆ ಗ್ರಾಹಕದ ಕೆಲಸವನ್ನು ಬಿಡಿಸಿ ತೋರಿಸಿದ ಬ್ರೌನ್ ಮತ್ತು ಗೋಲ್ಡ್‌ಸ್ಟೀನ್ ಅವರಿಗೆ 1985ರಲ್ಲಿ ನೊಬೆಲ್ ಬಂತು. ಆದರೆ ಕೆಟ್ಟ ಎಲ್‌ಡಿಎಲ್ ಒಳಗೆ ಹೋಗುವುದು ಬೇರೆ ಗ್ರಾಹಕಗಳ ಮೂಲಕ, ಅವುಗಳಿಗೆ ಅಂಥ ಮಿತಿಯಿಲ್ಲ. ಹೀಗೆ ತಿಂದು ತಿಂದು ಉಬ್ಬಿದ, ಸೂಕ್ಷ್ಮದರ್ಶಕದಲ್ಲಿ ನೊರೆ ತುಂಬಿದಂತೆ ಕಾಣುವ ಮ್ಯಾಕ್ರೋಫೇಜ್‌ಗಳೇ ನೊರೆಕೋಶಗಳು. ಕೊಲೆಸ್ಟ್ರಾಲ್ ಮಿತಿಮೀರಿ ಕೋಶದ ಒಳಜಾಲದ ಪೊರೆಗಳವರೆಗೂ ಸೇರಿದಾಗ ಅಲ್ಲಿ ಪ್ರೋಟೀನ್‌ಗಳ ಮಡಿಕೆ ತಪ್ಪುತ್ತದೆ, ಒತ್ತಡದ ಸಂಕೇತಗಳು ಏಳುತ್ತವೆ, ಕೊನೆಗೆ ಕೋಶ ಸಾಯಲು ಅಣಿಯಾಗುತ್ತದೆ. ನಮ್ಮ ವಿಷಯ ಶುರುವಾಗುವುದು ಇಲ್ಲಿಂದ.

ಕೋಶ ಸಾಯುವುದು ರೋಗವಲ್ಲ. ಒಬ್ಬ ವಯಸ್ಕನ ದೇಹದಲ್ಲಿ ದಿನಕ್ಕೆ ಸುಮಾರು 33,000 ಕೋಟಿ ಕೋಶಗಳು ಸತ್ತು ಅಷ್ಟೇ ಹೊಸದಾಗಿ ಹುಟ್ಟುತ್ತವೆ ಎಂದು 2021ರಲ್ಲಿ ಪ್ರಕಟವಾದ ಒಂದು ಲೆಕ್ಕಾಚಾರ ಹೇಳುತ್ತದೆ. ತೂಕದಲ್ಲಿ ಅದು 80 ಗ್ರಾಂ ಆಸುಪಾಸು; ಎಣಿಕೆಯಲ್ಲಿ ಬಹುಪಾಲು ರಕ್ತದ ಕೋಶಗಳು. ಈ ಸಾವಿನಲ್ಲಿ ಬಹುತೇಕ ಎಲ್ಲವೂ ಕೋಶದೊಳಗೇ ಇರುವ ವ್ಯವಸ್ಥೆಯೊಂದು, ಸಂಕೇತ ಬಂದ ಮೇಲೆ, ಹಂತಹಂತವಾಗಿ ನಡೆಸಿಕೊಡುವ ಸಾವು. ಅದನ್ನೇ ನಿಯಂತ್ರಿತ ಜೀವಕೋಶ ಮರಣ ಎನ್ನುತ್ತಾರೆ.

ಈ ತಿಳಿವಳಿಕೆಯ ಚರಿತ್ರೆಯಲ್ಲಿ ನಮ್ಮ ಜಿಲ್ಲೆಯವರಿಗೆ ಇಷ್ಟವಾಗಬಹುದಾದ ಸಂಗತಿಯೊಂದಿದೆ. 1960ರ ದಶಕದಲ್ಲಿ ಹಾರ್ವರ್ಡ್‌ನಲ್ಲಿ ರಿಚರ್ಡ್ ಲಾಕ್‌ಶಿನ್ ಮತ್ತು ಕ್ಯಾರೊಲ್ ವಿಲಿಯಮ್ಸ್ ಅವರು ಪೂರ್ವನಿಶ್ಚಿತ ಕೋಶಮರಣವೆಂಬ ಕಲ್ಪನೆಯನ್ನು ಮುಂದಿಟ್ಟದ್ದು ರೇಷ್ಮೆ ಪತಂಗಗಳನ್ನು ನೋಡಿ. ಗೂಡಿನಿಂದ ಹೊರಬರಲು ಪತಂಗ ಬಳಸುವ ಹೊಟ್ಟೆಯ ಸ್ನಾಯುಗಳು, ಅದು ಹೊರಬಂದ ಒಂದೆರಡು ದಿನಗಳಲ್ಲೇ ಕರಗಿಹೋಗುತ್ತವೆ. ಪೆಟ್ಟು ಬಿದ್ದು ಕೆಟ್ಟುದಲ್ಲ, ಹಾರ್ಮೋನುಗಳ ಆಣತಿಯಂತೆ ಕರಗಿದ್ದು. ಅವರು ಕೆಲಸ ಮಾಡಿದ್ದು ನಮ್ಮ ಹಿಪ್ಪುನೇರಳೆ ಹುಳುವಿನ ಮೇಲಲ್ಲ, ಕಾಡುರೇಷ್ಮೆಯ ಪತಂಗಗಳ ಮೇಲೆ. ಆದರೆ ಶಿಡ್ಲಘಟ್ಟದ ಸುತ್ತಿನ ಯಾವ ಹುಳುಮನೆಯಲ್ಲಾದರೂ ಇಂಥದ್ದೇ ನಡೆಯುತ್ತಿರುತ್ತದೆ. ನಾಲ್ಕನೇ ಜ್ವರದಿಂದ, ಅಂದರೆ ನಾಲ್ಕನೇ ಸಲ ಪೊರೆ ಕಳಚಿ, ಎದ್ದ ಹುಳು ಹಗಲಿರುಳು ಸೊಪ್ಪು ತಿಂದು ಹಣ್ಣಾಗುವ ಹೊತ್ತಿಗೆ ಅದರ ಮೈತುಂಬ ರೇಷ್ಮೆ ಗ್ರಂಥಿಗಳೇ. ಗೂಡು ಕಟ್ಟಲು ಚಂದ್ರಿಕೆ ಎಂಬ ಬಿದಿರಿನ ತಟ್ಟೆಗೆ ಬಿಟ್ಟ ಮೇಲೆ ನೂಲು ಸುತ್ತಿ ಮುಗಿಸಿ, ಹುಳು ಕೋಶಾವಸ್ಥೆಗೆ (ಪ್ಯೂಪಾ) ಹೋದ ಕೆಲವೇ ದಿನಗಳಲ್ಲಿ ಆ ಗ್ರಂಥಿಗಳ ಕೋಶಗಳೆಲ್ಲ ಎಕ್ಡೈಸೋನ್ ಹಾರ್ಮೋನಿನ ಸಂಕೇತಕ್ಕೆ ತಾವೇ ಸತ್ತು, ಪತಂಗದ ದೇಹ ಕಟ್ಟಲು ಬೇಕಾದ ಸಾಮಗ್ರಿಯಾಗುತ್ತವೆ. ಉರಿಯಿಲ್ಲ, ಕೀವಿಲ್ಲ, ಕಸವಿಲ್ಲ.

1972ರಲ್ಲಿ ಜಾನ್ ಕೆರ್, ಆಂಡ್ರ್ಯೂ ವೈಲಿ, ಅಲಸ್ಟೇರ್ ಕರಿ ಎಂಬ ಮೂವರು ಇಂಥ ಸಾವಿನ ಚಹರೆಯನ್ನು ಸೂಕ್ಷ್ಮದರ್ಶಕದಲ್ಲಿ ಕಂಡಂತೆ ವಿವರಿಸಿ ಅಪಾಪ್ಟೋಸಿಸ್ ಎಂದು ಕರೆದರು. ಕೋಶ ಕುಗ್ಗುತ್ತದೆ, ಬೀಜಕೇಂದ್ರದ ಡಿಎನ್‌ಎ ತುಂಡಾಗುತ್ತದೆ, ಇಡೀ ಕೋಶ ಪೊರೆ ಹರಿಯದಂತೆ ಸಣ್ಣ ಸಣ್ಣ ಪೊಟ್ಟಣಗಳಾಗಿ ಒಡೆಯುತ್ತದೆ, ನೆರೆಯ ಕೋಶಗಳು ಆ ಪೊಟ್ಟಣಗಳನ್ನು ನುಂಗುತ್ತವೆ. ಒಳಗಿನದು ಹೊರಗೆ ಚೆಲ್ಲುವುದಿಲ್ಲ. ಒಂದು ಮಿಲಿಮೀಟರ್ ಉದ್ದದ ಸಿ. ಎಲಿಗನ್ಸ್ ಎಂಬ ಹುಳುವಿನಲ್ಲಿ ಹುಟ್ಟುವ 1,090 ದೇಹಕೋಶಗಳಲ್ಲಿ ಕರಾರುವಾಕ್ಕಾಗಿ 131 ಸಾಯುತ್ತವೆಂಬುದನ್ನೂ, ಅದರ ಹಿಂದಿನ ಜೀನ್‌ಗಳನ್ನೂ ಕಂಡುಹಿಡಿದ ಕೆಲಸಕ್ಕೆ 2002ರಲ್ಲಿ ಬ್ರೆನ್ನರ್, ಹಾರ್ವಿಟ್ಸ್ ಮತ್ತು ಸಲ್ಸ್ಟನ್ ಅವರಿಗೆ ನೊಬೆಲ್ ಸಂದಿತು.

ಸಾಯುವ ಕೋಶ ತನ್ನ ಸಾವನ್ನು ಮೊದಲೇ ಸಾರುತ್ತದೆ. ಅದು ಹೊರಬಿಡುವ ಕೆಲವು ಅಣುಗಳು ಮ್ಯಾಕ್ರೋಫೇಜ್‌ಗಳನ್ನು ಹತ್ತಿರಕ್ಕೆ ಕರೆಯುತ್ತವೆ. ಸಾಮಾನ್ಯವಾಗಿ ಪೊರೆಯ ಒಳಮುಖದಲ್ಲಿರುವ ಫಾಸ್ಫಟಿಡೈಲ್‌ಸೆರೀನ್ ಎಂಬ ಕೊಬ್ಬಿನಣು ಹೊರಮುಖಕ್ಕೆ ಬಂದು, ತನ್ನನ್ನು ನುಂಗಬಹುದೆಂದು ತಿಳಿಸುತ್ತದೆ. ಮ್ಯಾಕ್ರೋಫೇಜಿನ ಮೇಲಿರುವ ಮೆರ್‌ಟಿಕೆ ಮುಂತಾದ ಗ್ರಾಹಕಗಳು ಇದನ್ನು ಗುರುತಿಸುತ್ತವೆ. ಹೀಗೆ ಸತ್ತ ಕೋಶವನ್ನು ನುಂಗಿ ಅರಗಿಸುವ ಕ್ರಿಯೆಗೆ ಎಫೆರೋಸೈಟೋಸಿಸ್ ಎಂದು ಹೆಸರು. ಇದು ಬರೀ ಗುಡಿಸುವ ಕೆಲಸವಲ್ಲ. ನುಂಗಿದ ಮ್ಯಾಕ್ರೋಫೇಜ್ ಉರಿಯೂತವನ್ನು ತಣಿಸುವ ಅಣುಗಳನ್ನು ಸ್ರವಿಸುತ್ತದೆ, ಸತ್ತ ಕೋಶದಿಂದ ಬಂದ ಕೊಲೆಸ್ಟ್ರಾಲನ್ನು, ಅದನ್ನು ವಾಪಸು ಒಯ್ಯುವ ಎಚ್‌ಡಿಎಲ್ ಕಣಗಳಿಗೆ ಒಪ್ಪಿಸಿ ಹೊರಗೆ ಕಳಿಸುತ್ತದೆ, ಆ ಕೋಶದ ಪ್ರೋಟೀನಿನಿಂದ ಸಿಕ್ಕ ಆರ್ಜಿನೈನನ್ನು ಪುಟ್ರೆಸಿನ್ ಎಂಬ ಅಣುವಾಗಿ ಮಾರ್ಪಡಿಸಿಕೊಂಡು ಮುಂದಿನ ಸತ್ತ ಕೋಶವನ್ನು ನುಂಗುವ ಶಕ್ತಿಯನ್ನೂ ಪಡೆಯುತ್ತದೆ. ಒಂದು ಸಾವನ್ನು ಅರಗಿಸಿಕೊಂಡದ್ದೇ ಇನ್ನೊಂದನ್ನು ಅರಗಿಸಲು ನೆರವಾಗುವ ಈ ಏರ್ಪಾಟು ನನಗೆ ಇಡೀ ವಿಷಯದಲ್ಲೇ ಅತ್ಯಂತ ಸುಂದರವಾಗಿ ಕಾಣುತ್ತದೆ.

ಪ್ಲಾಕಿನ ಆರಂಭದ ದಿನಗಳಲ್ಲಿ ಈ ವ್ಯವಸ್ಥೆ ಚೆನ್ನಾಗಿಯೇ ನಡೆಯುತ್ತದೆ. ನೊರೆಕೋಶ ಸಾಯುತ್ತದೆ, ಪಕ್ಕದ್ದು ಅದನ್ನು ನುಂಗುತ್ತದೆ, ಗಾಯದಲ್ಲಿ ಕೋಶಗಳ ಸಂಖ್ಯೆ ಇಳಿಯುತ್ತದೆ. ಇಲಿಗಳಲ್ಲಿ ಆರಂಭದ ಹಂತದಲ್ಲಿ ಮ್ಯಾಕ್ರೋಫೇಜ್‌ಗಳ ಅಪಾಪ್ಟೋಸಿಸ್ ಹೆಚ್ಚಿಸಿದರೆ ಗಾಯ ಚಿಕ್ಕದಾಗಿಯೇ ಉಳಿಯುತ್ತದೆ. ಅಂದರೆ ಆ ಹೊತ್ತಿನಲ್ಲಿ ಸಾವು ದೇಹದ ಪರವಾಗಿದೆ.

ಕಾಲ ಕಳೆದಂತೆ ಕೆಡುವುದು ನುಂಗುವ ಕೆಲಸ. ಬೆಲ್ಜಿಯಂನ ಸಂಶೋಧಕರು 2005ರಲ್ಲಿ ಮನುಷ್ಯರ ಪ್ಲಾಕನ್ನೂ ಗಂಟಲಿನ ಟಾನ್ಸಿಲನ್ನೂ ಹೋಲಿಸಿ ನೋಡಿದರು. ಟಾನ್ಸಿಲಿನಲ್ಲಿಯೂ ಕೋಶಗಳು ವಿಪರೀತವಾಗಿ ಸಾಯುತ್ತಿರುತ್ತವೆ, ಆದರೆ ಸತ್ತದ್ದು ಕ್ಷಣಮಾತ್ರದಲ್ಲಿ ಮ್ಯಾಕ್ರೋಫೇಜಿನ ಒಳಗಿರುತ್ತದೆ. ನುಂಗಲ್ಪಟ್ಟ ಸತ್ತ ಕೋಶಗಳಿಗೆ ಎದುರಾಗಿ ನುಂಗದೆ ಉಳಿದವುಗಳ ಪ್ರಮಾಣ ಪ್ಲಾಕಿನಲ್ಲಿ ಟಾನ್ಸಿಲಿಗಿಂತ 19 ಪಟ್ಟು ಹೆಚ್ಚಿತ್ತು. ಈ ಅಂಕಿಯನ್ನು ಓದಿದ ಮೇಲೆಯೇ ನನಗೆ ಈ ಕಾಯಿಲೆಯ ಬಗ್ಗೆ ಇದ್ದ ಚಿತ್ರ ಬದಲಾದದ್ದು. ಪ್ಲಾಕಿನ ತೊಂದರೆ ಕೋಶಗಳು ಸಾಯುವುದಲ್ಲ, ಸತ್ತವನ್ನು ಎತ್ತುವವರಿಲ್ಲದಿರುವುದು. ಏಕೆ ಹೀಗಾಗುತ್ತದೆಂಬುದಕ್ಕೆ ಹಲವು ಕಾರಣಗಳು ಸಿಕ್ಕಿವೆ. ಉರಿಯೂತವಿರುವ ಜಾಗದಲ್ಲಿ ಕಿಣ್ವವೊಂದು ಮೆರ್‌ಟಿಕೆ ಗ್ರಾಹಕವನ್ನು ಮ್ಯಾಕ್ರೋಫೇಜಿನ ಮೈಯಿಂದ ಕತ್ತರಿಸಿ ಹಾಕುತ್ತದೆ; ಆಕ್ಸಿಡೀಕೃತ ಕೊಬ್ಬಿನಣುಗಳು ಸತ್ತ ಕೋಶದ ಜಾಗಕ್ಕೆ ತಾವೇ ಅಡ್ಡ ಬಂದು ಗ್ರಾಹಕಗಳನ್ನು ಆಕ್ರಮಿಸಿಕೊಳ್ಳುತ್ತವೆ; ಸತ್ತ ಕೋಶಗಳ ಮೇಲೆ ಸಿಡಿ47 ಎಂಬ ಪ್ರೋಟೀನ್ ಹೆಚ್ಚಾಗಿ ಉಳಿದುಕೊಂಡು, ತನ್ನನ್ನು ನುಂಗಬೇಡವೆಂಬ ಸಂಕೇತ ಕೊಡುತ್ತಲೇ ಇರುತ್ತದೆ. ನುಂಗುವ ಮ್ಯಾಕ್ರೋಫೇಜ್‌ಗಳೇ ಕೊಲೆಸ್ಟ್ರಾಲ್ ಭಾರಕ್ಕೆ ಸೋತಿರುತ್ತವೆ ಎಂಬುದನ್ನಂತೂ ಬೇರೆ ಹೇಳಬೇಕಿಲ್ಲ.

ಎತ್ತದೆ ಬಿಟ್ಟ ಅಪಾಪ್ಟೋಸಿಸ್ ಕೋಶ ಹೆಚ್ಚು ಹೊತ್ತು ಪೊಟ್ಟಣವಾಗಿ ಉಳಿಯುವುದಿಲ್ಲ. ಅದರ ಪೊರೆ ಹರಿದು, ಒಳಗಿನ ಕಿಣ್ವಗಳು, ಡಿಎನ್‌ಎ, ಕೊಲೆಸ್ಟ್ರಾಲ್ ಎಲ್ಲವೂ ಗಾಯದ ನಡುವೆ ಚೆಲ್ಲುತ್ತವೆ. ಇದು ಇನ್ನಷ್ಟು ಉರಿಯೂತವನ್ನು ಎಬ್ಬಿಸುತ್ತದೆ, ಉರಿಯೂತ ಇನ್ನಷ್ಟು ಮಾನೋಸೈಟ್‌ಗಳನ್ನು ಕರೆಯುತ್ತದೆ, ಅವೂ ಅಲ್ಲೇ ಸಾಯುತ್ತವೆ. ಹೀಗೆ ಪ್ಲಾಕಿನ ಗರ್ಭದಲ್ಲಿ ಸತ್ತ ಸಾಮಗ್ರಿಯ ಮೆತ್ತನೆಯ ಮುದ್ದೆಯೊಂದು ಬೆಳೆಯುತ್ತದೆ. ವೈದ್ಯರು ಇದನ್ನು ನೆಕ್ರೋಟಿಕ್ ಕೋರ್, ಅಂದರೆ ಸತ್ತ ಗರ್ಭ, ಎನ್ನುತ್ತಾರೆ. ಸತ್ತ ಕೋಶಗಳ ಚೂರುಗಳ ಮೇಲೆ ಕ್ಯಾಲ್ಸಿಯಂ ಕೂರಲು ಶುರುವಾಗುವುದರಿಂದ, ಸಿ.ಟಿ. ಸ್ಕ್ಯಾನಿನಲ್ಲಿ ಬಿಳಿಯಾಗಿ ಕಾಣುವ ಕ್ಯಾಲ್ಸಿಯಂ ಕೂಡ ಒಂದು ಮಟ್ಟಿಗೆ ಈ ಸಾವುಗಳ ಗುರುತೇ.

ಇದು ಅಪಾಪ್ಟೋಸಿಸ್‌ನ ಕತೆ. ಕಳೆದ ಎರಡು ದಶಕಗಳಲ್ಲಿ ತಿಳಿದುಬಂದ ಇನ್ನೊಂದು ಸಂಗತಿಯೆಂದರೆ, ಹಿಂದೆ ಗೊತ್ತುಗುರಿಯಿಲ್ಲದ್ದೆಂದು ಭಾವಿಸಿದ್ದ, ಕೋಶ ಊದಿ ಒಡೆಯುವ ಒರಟು ಸಾವುಗಳಲ್ಲಿ ಹಲವು ಕೂಡ ನಿಯಂತ್ರಿತವೇ. ಅವುಗಳಲ್ಲಿ ಒಂದಾದ ನೆಕ್ರಾಪ್ಟೋಸಿಸ್‌ನಲ್ಲಿ ಆರ್‌ಐಪಿಕೆ1, ಆರ್‌ಐಪಿಕೆ3 ಎಂಬ ಕಿಣ್ವಗಳು ಒಂದನ್ನೊಂದು ಪ್ರಚೋದಿಸಿ, ಎಂಎಲ್‌ಕೆಎಲ್ ಎಂಬ ಪ್ರೋಟೀನನ್ನು ಪೊರೆಗೆ ಕಳಿಸಿ ಪೊರೆಯನ್ನು ಹರಿಯುತ್ತವೆ. ಅಪಾಪ್ಟೋಸಿಸ್ ನಡೆಸುವ ಕ್ಯಾಸ್ಪೇಸ್ ಕಿಣ್ವಗಳಲ್ಲಿ ಒಂದಾದ ಕ್ಯಾಸ್ಪೇಸ್-8 ಈ ದಾರಿಯನ್ನು ಮುಚ್ಚಿಟ್ಟಿರುತ್ತದೆ. ಆದ್ದರಿಂದ ಸಾವನ್ನು ನಿಲ್ಲಿಸುತ್ತೇವೆಂದು ಕ್ಯಾಸ್ಪೇಸ್‌ಗಳನ್ನೆಲ್ಲ ತಡೆದರೆ, ಸದ್ದಿಲ್ಲದೆ ಸಾಯಬೇಕಿದ್ದ ಕೋಶ ಈ ಒರಟು ದಾರಿ ಹಿಡಿಯಬಹುದು. ಸಾವನ್ನೇ ತಡೆಯುವ ಔಷಧದ ಯೋಚನೆ ಹೊರನೋಟಕ್ಕೆ ಎಷ್ಟು ಆಕರ್ಷಕವಾದರೂ ಎಲ್ಲಿ ಎಡವುತ್ತದೆಂಬುದಕ್ಕೆ ಇದೊಂದೇ ಸಾಕು. ಆರ್‌ಐಪಿಕೆ3 ಇಲ್ಲದ ಇಲಿಗಳಲ್ಲಿ ಪ್ಲಾಕಿನ ಸತ್ತ ಗರ್ಭ ಚಿಕ್ಕದಾಗುತ್ತದೆ ಎಂಬುದು 2013ರಿಂದ ಗೊತ್ತಿದೆ.

ಪೈರಾಪ್ಟೋಸಿಸ್ ಎಂಬ ಉರಿಯುವ ಸಾವು ಇದಕ್ಕಿಂತ ಮುಖ್ಯವೆಂದು ನನ್ನ ಎಣಿಕೆ, ಏಕೆಂದರೆ ಚಿಕಿತ್ಸೆಯ ಪ್ರಯೋಗಗಳು ಮನುಷ್ಯರವರೆಗೆ ಬಂದಿರುವುದು ಈ ದಾರಿಯ ಸುತ್ತಲೇ. ಕೊಲೆಸ್ಟ್ರಾಲ್ ಒಂದು ಮಟ್ಟ ಮೀರಿದರೆ ಸೂಜಿಯಂಥ ಹರಳುಗಳಾಗುತ್ತದೆ. ಆ ಹರಳುಗಳು ಮ್ಯಾಕ್ರೋಫೇಜಿನೊಳಗೆ ಎನ್‌ಎಲ್‌ಆರ್‌ಪಿ3 ಇನ್‌ಫ್ಲಮಸೋಮ್ ಎಂಬ ಅಪಾಯಸೂಚಕ ಕೂಟವನ್ನು ಎಬ್ಬಿಸುತ್ತವೆಂದು 2010ರಲ್ಲಿ ತಿಳಿಯಿತು. ಅದು ಕ್ಯಾಸ್ಪೇಸ್-1 ಅನ್ನು ಚುರುಕುಗೊಳಿಸುತ್ತದೆ. ಕ್ಯಾಸ್ಪೇಸ್-1 ಒಂದೆಡೆ ಇಂಟರ್‌ಲ್ಯೂಕಿನ್-1 ಬೀಟಾ ಎಂಬ ಉರಿಯೂತದ ಸಂದೇಶವಾಹಕವನ್ನು ಸಿದ್ಧಪಡಿಸಿದರೆ, ಇನ್ನೊಂದೆಡೆ ಗ್ಯಾಸ್‌ಡರ್ಮಿನ್-ಡಿ ಪ್ರೋಟೀನನ್ನು ಕತ್ತರಿಸಿ, ಅದರ ತುಂಡುಗಳು ಪೊರೆಯಲ್ಲಿ ರಂಧ್ರ ಕೊರೆಯುವಂತೆ ಮಾಡುತ್ತದೆ. ರಂಧ್ರಗಳಿಂದ ಸಂದೇಶವಾಹಕ ಹೊರಗೆ ಹೋಗುತ್ತದೆ, ಕೋಶ ಊದಿ ಒಡೆಯುತ್ತದೆ. ಸೋಂಕಿನ ವಿರುದ್ಧ ಇದು ಒಳ್ಳೆಯ ತಂತ್ರ. ಬ್ಯಾಕ್ಟೀರಿಯಾ ಒಂದೂ ಇಲ್ಲದ ಗೋಡೆಯೊಳಗೆ, ಹರಳಿನ ಚುಚ್ಚುವಿಕೆಗೆ, ಅದೇ ತಂತ್ರ ವರ್ಷಾನುಗಟ್ಟಲೆ ನಡೆಯುತ್ತಿದ್ದರೆ ಅದು ನಮ್ಮ ಮೇಲೆಯೇ ನಮ್ಮ ಯುದ್ಧ.

ಇಂಥದ್ದೇ ಇನ್ನೊಂದು ಸಾವಾದ ಫೆರಾಪ್ಟೋಸಿಸ್‌ಗೆ ಹೆಸರು ಬಂದದ್ದು 2012ರಲ್ಲಿ. ಕಬ್ಬಿಣದ ನೆರವಿನಿಂದ ಪೊರೆಯ ಕೊಬ್ಬಿನಣುಗಳು ಸರಣಿಯಾಗಿ ಆಕ್ಸಿಡೀಕರಣಗೊಂಡು ಪೊರೆ ಕೆಡುವುದು ಇದರ ಬಗೆ; ಸೆಲೆನಿಯಂ ಇರುವ ಜಿಪಿಎಕ್ಸ್4 ಎಂಬ ಕಿಣ್ವ ಇದನ್ನು ತಡೆಯುತ್ತದೆ. ಪ್ಲಾಕಿನೊಳಗೆ ಹೊಸದಾಗಿ ಬೆಳೆಯುವ ಸೂಕ್ಷ್ಮ ರಕ್ತನಾಳಗಳು ಸೋರಿ ರಕ್ತಸ್ರಾವವಾದಾಗ ಕೆಂಪು ಕಣಗಳು ಅಲ್ಲಿ ಒಡೆದು ಕಬ್ಬಿಣವನ್ನೂ ಕೊಲೆಸ್ಟ್ರಾಲನ್ನೂ ಬಿಡುವುದರಿಂದ, ಈ ಸಾವಿಗೆ ಬೇಕಾದುದೆಲ್ಲ ಒಂದೇ ಕಡೆ ಸಿಗುತ್ತದೆ. ಇಲ್ಲೊಂದು ಎಚ್ಚರಿಕೆಯ ಮಾತು ಅಗತ್ಯ. ಇದನ್ನೋದಿ ರಕ್ತಹೀನತೆಗೆ ಕೊಟ್ಟ ಕಬ್ಬಿಣದ ಮಾತ್ರೆಯನ್ನು ಯಾರೂ ನಿಲ್ಲಿಸಬೇಕಾಗಿಲ್ಲ. ದೇಹದ ಕಬ್ಬಿಣ ತಗ್ಗಿಸಿದರೆ ಒಳಿತಾಗುವುದೇ ಎಂದು ಕಾಲಿನ ರಕ್ತನಾಳಗಳ ಕಾಯಿಲೆಯಿದ್ದ 1,277 ಜನರಲ್ಲಿ ಆಗಾಗ ರಕ್ತ ತೆಗೆದು ನೋಡಿದ ಅಮೆರಿಕದ ಪ್ರಯೋಗದಲ್ಲಿ, 2007ರ ವರದಿಯಂತೆ, ಸಾವಾಗಲಿ ಹೃದಯಾಘಾತವಾಗಲಿ ಒಟ್ಟಾರೆ ಗಮನಾರ್ಹವಾಗಿ ಕಡಿಮೆಯಾಗಲಿಲ್ಲ. ಪ್ಲಾಕಿನ ಕಬ್ಬಿಣದ ಸಮಸ್ಯೆ ಪ್ಲಾಕಿನೊಳಗಿನದು, ತಟ್ಟೆಯದಲ್ಲ.

ಇನ್ನು ಪ್ಲಾಕಿನ ಮುಚ್ಚಳದ ವಿಷಯ. ಸತ್ತ ಗರ್ಭಕ್ಕೂ ಹರಿಯುವ ರಕ್ತಕ್ಕೂ ನಡುವೆ ಇರುವುದು ನಾರಿನ ಒಂದು ಪದರ. ಅದನ್ನು ನೇಯುವವು ನಾಳದ ಗೋಡೆಯ ನಯಸ್ನಾಯು ಕೋಶಗಳು. ಈ ಕೋಶಗಳು ಸತ್ತರೆ ಕೊಲಾಜೆನ್ ಎಂಬ ನಾರನ್ನು ನೇಯುವವರಿಲ್ಲದೆ ಪದರ ತೆಳುವಾಗುತ್ತದೆ. ಬಿರಿದ ಪ್ಲಾಕ್‌ಗಳನ್ನು ಶವಪರೀಕ್ಷೆಯಲ್ಲಿ ಅಳೆದು ನೋಡಿದವರು ಅಪಾಯದ ಗಡಿಯೆಂದು ಇಟ್ಟುಕೊಂಡಿರುವುದು 65 ಮೈಕ್ರಾನ್, ಅಂದರೆ ಮಿಲಿಮೀಟರಿನ ಹದಿನೈದನೆಯ ಒಂದು ಭಾಗದಷ್ಟು. ಆ ಪದರ ಬಿರಿದು ಗರ್ಭದ ಸಾಮಗ್ರಿ ರಕ್ತಕ್ಕೆ ತಗುಲಿದ ಕೂಡಲೇ ಹೆಪ್ಪು ಕಟ್ಟುತ್ತದೆ, ನಿಮಿಷಗಳಲ್ಲಿ ನಾಳ ಮುಚ್ಚುತ್ತದೆ. ದಾರಿಯನ್ನು ಅಷ್ಟೇನೂ ಕಿರಿದುಗೊಳಿಸದಿದ್ದ, ಆಂಜಿಯೋಗ್ರಾಂನಲ್ಲಿ ಗಂಭೀರವಾಗಿ ಕಾಣದಿದ್ದ ಪ್ಲಾಕ್ ಕೂಡ ಹೀಗೆ ಬಿರಿಯಬಲ್ಲದು. ಮೊನ್ನೆವರೆಗೆ ಚೆನ್ನಾಗಿದ್ದವರು ಹೀಗೇಕಾದರು ಎಂಬ ಪ್ರಶ್ನೆಗೆ ಉತ್ತರ ಹಲವು ಬಾರಿ ಇಲ್ಲಿರುತ್ತದೆ.

ಕೇಂಬ್ರಿಜ್‌ನ ಮಾರ್ಟಿನ್ ಬೆನೆಟ್ ಅವರ ತಂಡ 2006ರಲ್ಲಿ ಮಾಡಿದ ಪ್ರಯೋಗವೊಂದು ಇಲ್ಲಿ ಬಹಳ ಹೇಳುತ್ತದೆ. ನಯಸ್ನಾಯು ಕೋಶಗಳನ್ನು ಮಾತ್ರ ಬೇಕೆಂದಾಗ ಕೊಲ್ಲಬಹುದಾದಂತೆ ಇಲಿಗಳನ್ನು ಸಿದ್ಧಪಡಿಸಿದರು. ಆರೋಗ್ಯವಂತ ನಾಳದಲ್ಲಿ ಆ ಕೋಶಗಳು ದೊಡ್ಡ ಸಂಖ್ಯೆಯಲ್ಲಿ ಸತ್ತರೂ ಉರಿಯೂತವಾಗಲಿಲ್ಲ, ಹೆಪ್ಪು ಕಟ್ಟಲಿಲ್ಲ, ನಾಳ ಊದಲಿಲ್ಲ. ಅದೇ ಸಾವು ಪ್ಲಾಕ್ ಇರುವ ನಾಳದಲ್ಲಿ ನಡೆದಾಗ ಮುಚ್ಚಳ ತೆಳುವಾಯಿತು, ಕೊಲಾಜೆನ್ ಕರಗಿತು, ಉರಿಯೂತ ಭುಗಿಲೆದ್ದಿತು. ಒಂದೇ ಬಗೆಯ ಸಾವು, ಎರಡು ಫಲ.

ಹಾಗಾದರೆ ಚಿಕಿತ್ಸೆ ಯಾವ ಕಡೆ ಕೈ ಹಾಕಬೇಕು? ನನ್ನ ಓದಿನಲ್ಲಿ ಕಂಡಂತೆ ಸಾವನ್ನು ನಿಲ್ಲಿಸುವುದಕ್ಕಿಂತ, ಸಾವಿನ ಬಗೆಯನ್ನು ತಿದ್ದುವುದು ಮತ್ತು ಸತ್ತದ್ದನ್ನು ಎತ್ತುವವರಿಗೆ ಬಲ ಕೊಡುವುದು ಹೆಚ್ಚು ಫಲ ಕೊಡಬಹುದಾದ ದಾರಿ.

ಎತ್ತುವವರಿಗೆ ಬಲ ಕೊಡುವ ಪ್ರಯತ್ನಗಳಲ್ಲಿ ಹೆಚ್ಚು ಸುದ್ದಿ ಮಾಡಿದ್ದು ಸ್ಟ್ಯಾನ್‌ಫರ್ಡ್‌ನ ನಿಕೊಲಸ್ ಲೀಪರ್ ಅವರ ತಂಡದ್ದು. ಸಿಡಿ47 ಸಂಕೇತವನ್ನು ಪ್ರತಿಕಾಯದಿಂದ ಮುಚ್ಚಿದರೆ ಇಲಿಗಳ ಪ್ಲಾಕಿನಲ್ಲಿ ಸತ್ತ ಕೋಶಗಳು ಮತ್ತೆ ನುಂಗಲ್ಪಡುತ್ತವೆ, ಪ್ಲಾಕ್ ಕುಗ್ಗುತ್ತದೆ ಎಂದು 2016ರಲ್ಲಿ ಅವರು ತೋರಿಸಿದರು. ತೊಡಕೆಂದರೆ, ಕೆಂಪು ರಕ್ತಕಣಗಳನ್ನು ಅವಧಿಗೆ ಮೊದಲೇ ನುಂಗದಂತೆ ಕಾಯುವುದೂ ಇದೇ ಸಿಡಿ47. ಅದನ್ನು ಮೈಯೆಲ್ಲ ಮುಚ್ಚಿದರೆ ರಕ್ತಹೀನತೆ. ಇದೇ ಬಗೆಯ ಪ್ರತಿಕಾಯವೊಂದರ ಮೇಲೆ ರಕ್ತದ ಕ್ಯಾನ್ಸರಿನಲ್ಲಿ ನಡೆಯುತ್ತಿದ್ದ ದೊಡ್ಡ ಪ್ರಯೋಗಗಳು 2023–24ರಲ್ಲಿ ನಿಂತೇಹೋದವು. ಅದನ್ನು ತಪ್ಪಿಸಲು ಅದೇ ತಂಡ, ಮಿಚಿಗನ್‌ನವರೊಂದಿಗೆ ಸೇರಿ, ಮಾನೋಸೈಟ್‌ಗಳಷ್ಟೇ ಒಳಗೆಳೆದುಕೊಳ್ಳುವ ಇಂಗಾಲದ ನ್ಯಾನೊ ನಳಿಗೆಗಳಲ್ಲಿ ಔಷಧವಿಟ್ಟು ಪ್ಲಾಕಿಗೆ ಕಳಿಸುವ ವಿಧಾನವನ್ನು 2020ರಲ್ಲಿ ಪ್ರಕಟಿಸಿತು. ಇಲಿಗಳಲ್ಲಿ ರಕ್ತಹೀನತೆಯಿಲ್ಲದೆ ಫಲ ಸಿಕ್ಕಿತು. ಮನುಷ್ಯರ ಚಿಕಿತ್ಸೆಯಾಗಲು ಇದು ಇನ್ನೂ ಬಹುದೂರ ಬರಬೇಕು.

ಉರಿಯುವ ಸಾವಿನ ದಾರಿಯನ್ನು ಮನುಷ್ಯರಲ್ಲಿ ತಡೆದು ನೋಡಿದ ದೊಡ್ಡ ಪರೀಕ್ಷೆ ಕ್ಯಾಂಟೋಸ್, 2017ರದು. ಮೊದಲೇ ಹೃದಯಾಘಾತವಾಗಿದ್ದ, ರಕ್ತದಲ್ಲಿ ಉರಿಯೂತದ ಸೂಚಕವಾದ ಸಿಆರ್‌ಪಿ ಹೆಚ್ಚಿದ್ದ 10,061 ಜನರನ್ನು ಸೇರಿಸಿಕೊಂಡು, ಇಂಟರ್‌ಲ್ಯೂಕಿನ್-1 ಬೀಟಾವನ್ನು ಹಿಡಿದುಹಾಕುವ ಕನಕಿನುಮ್ಯಾಬ್ ಚುಚ್ಚುಮದ್ದನ್ನು ಮೂರು ತಿಂಗಳಿಗೊಮ್ಮೆ ಕೊಟ್ಟು ನೋಡಿದರು. 150 ಮಿಲಿಗ್ರಾಂ ಪಡೆದವರಲ್ಲಿ ಹೃದಯಾಘಾತ, ಪಾರ್ಶ್ವವಾಯು, ಹೃದಯಸಂಬಂಧಿ ಸಾವು ಒಟ್ಟಾಗಿ 15 ಶೇಕಡಾ ತಗ್ಗಿದವು. ಎಲ್‌ಡಿಎಲ್ ಇಳಿಯದೆ ಉರಿಯೂತವೊಂದನ್ನೇ ತಗ್ಗಿಸಿ ಸಿಕ್ಕ ಮೊದಲ ಖಚಿತ ಫಲ ಅದು. ಆದರೆ ಪ್ರಾಣಾಂತಿಕ ಸೋಂಕುಗಳು ಹೆಚ್ಚಿದವು, ಒಟ್ಟು ಸಾವಿನ ಲೆಕ್ಕದಲ್ಲಿ ವ್ಯತ್ಯಾಸ ಕಾಣಲಿಲ್ಲ. ಸಿದ್ಧಾಂತ ಗೆದ್ದಿತು, ಔಷಧ ಹೃದ್ರೋಗಿಗಳ ಕೈಗೆ ಬರಲಿಲ್ಲ.

ಆ ಜಾಗಕ್ಕೆ ಬಂದದ್ದು ಗೌಟ್ ಎಂಬ ಕೀಲುನೋವಿನ ಕಾಯಿಲೆಯ ಹಳೆಯ ಮದ್ದಾದ ಕಾಲ್ಚಿಸಿನ್. ಅದು ಕೋಶದೊಳಗಿನ ಸೂಕ್ಷ್ಮನಳಿಕೆಗಳ ಕಟ್ಟಣೆಯನ್ನು ಕೆಡಿಸುವುದರಿಂದ ಇನ್‌ಫ್ಲಮಸೋಮ್ ಕೂಡಿಕೊಳ್ಳುವುದಕ್ಕೂ ಅಡ್ಡಿಯಾಗುತ್ತದೆ. ದಿನಕ್ಕೆ ಅರ್ಧ ಮಿಲಿಗ್ರಾಂ ಕೊಟ್ಟು ನೋಡಿದಾಗ, 2019ರ ಕೋಲ್‌ಕಾಟ್ ಪರೀಕ್ಷೆಯ 4,745 ಜನರಲ್ಲಿ ಅವಘಡಗಳು 23 ಶೇಕಡಾ, 2020ರ ಲೋಡೋಕೋ-2 ಪರೀಕ್ಷೆಯ 5,522 ಜನರಲ್ಲಿ 31 ಶೇಕಡಾ ತಗ್ಗಿದವು. 2023ರಲ್ಲಿ ಅಮೆರಿಕದ ಔಷಧ ನಿಯಂತ್ರಣ ಸಂಸ್ಥೆ ಇದಕ್ಕೆ ಒಪ್ಪಿಗೆ ಕೊಟ್ಟಿತು. ಅದರ ಮರುವರ್ಷವೇ, 7,062 ಜನರನ್ನೊಳಗೊಂಡ ಕ್ಲಿಯರ್ ಸಿನರ್ಜಿ ಪರೀಕ್ಷೆಯಲ್ಲಿ, ಹೃದಯಾಘಾತವಾದ ಕೂಡಲೇ ಕೊಟ್ಟಾಗ ಯಾವ ಲಾಭವೂ ಕಾಣಲಿಲ್ಲ. ಹೀಗಾಗಿ ಈ ಮದ್ದಿನ ಬಗ್ಗೆ ನಾನು ಆಶಾವಾದಿ, ಆದರೆ ಭಕ್ತನಲ್ಲ. ಇನ್ನೊಂದು ಮಾತನ್ನು ನಮ್ಮ ಕಡೆಯವರಿಗೆಂದೇ ಹೇಳಬೇಕು. ಮಳೆಗಾಲದಲ್ಲಿ ಬೇಲಿಗಳ ಮೇಲೆ ಬೆಂಕಿಯ ನಾಲಗೆಯಂತೆ ಅರಳುವ ಗೌರಿ ಹೂವಿನ ಬಳ್ಳಿಯಲ್ಲಿ, ಮುಖ್ಯವಾಗಿ ಗೆಡ್ಡೆ ಮತ್ತು ಬೀಜದಲ್ಲಿ, ಇದೇ ಕಾಲ್ಚಿಸಿನ್ ಇದೆ. ತಮಿಳುನಾಡಿನಲ್ಲಿ ಅದನ್ನು ಬೀಜಕ್ಕಾಗಿಯೇ ಬೆಳೆಯುತ್ತಾರೆ. ಆ ಗೆಡ್ಡೆ ಪ್ರಾಣ ತೆಗೆಯುವ ವಿಷ. ಔಷಧಕ್ಕೂ ವಿಷಕ್ಕೂ ನಡುವಿನ ಅಂತರ ಕಾಲ್ಚಿಸಿನ್‌ನಲ್ಲಿ ಬಹಳ ಕಿರಿದು; ಮೂತ್ರಪಿಂಡದ ತೊಂದರೆಯಿರುವವರಲ್ಲಿ ಮತ್ತು ಕೆಲವು ಆ್ಯಂಟಿಬಯಾಟಿಕ್‌ಗಳ ಜೊತೆ ಮಾತ್ರೆಯೂ ಅಪಾಯಕಾರಿ. ನಾಟಿಮದ್ದಿನ ಹೆಸರಿನಲ್ಲಿ ಯಾರೂ ಆ ಬಳ್ಳಿಯ ಗೊಡವೆಗೆ ಹೋಗಬಾರದು.

ಇಷ್ಟೆಲ್ಲ ಹೇಳಿದ ಮೇಲೂ, ಇಂದು ಕೈಗೆಟಕುವ ಬೆಲೆಯಲ್ಲಿ, ಶಿಡ್ಲಘಟ್ಟದ ಔಷಧದಂಗಡಿಯಲ್ಲೂ ಸಿಗುವ ಮುಖ್ಯ ಮದ್ದು ಎಲ್‌ಡಿಎಲ್ ಇಳಿಸುವ ಸ್ಟ್ಯಾಟಿನ್. ಜಪಾನಿನ ಅಕಿರಾ ಎಂಡೊ 1970ರ ದಶಕದಲ್ಲಿ ಪೆನಿಸಿಲಿಯಂ ಬೂಷ್ಟಿನಲ್ಲಿ ಇಂಥ ಮೊದಲ ಅಣುವನ್ನು ಕಂಡರು. 1994ರಲ್ಲಿ 4,444 ಹೃದ್ರೋಗಿಗಳ ಮೇಲಿನ ಸ್ಕ್ಯಾಂಡಿನೇವಿಯಾದ ಪರೀಕ್ಷೆ, ಸಿಮ್ವಾಸ್ಟ್ಯಾಟಿನ್ ಎಂಬ ಸ್ಟ್ಯಾಟಿನ್ ಒಟ್ಟು ಸಾವನ್ನೇ 30 ಶೇಕಡಾ ತಗ್ಗಿಸುತ್ತದೆಂದು ತೋರಿಸಿ ವಾದವನ್ನು ಮುಗಿಸಿತು. ಕೋಶಮರಣದ ಕಡೆಯಿಂದ ನೋಡಿದರೆ ಇದಕ್ಕೆ ಬೇರೆಯೇ ಅರ್ಥ ಬರುತ್ತದೆ. ಎಲ್‌ಡಿಎಲ್ ಇಳಿದರೆ ಹೊಸ ನೊರೆಕೋಶಗಳು ಕಡಿಮೆ, ಹರಳುಗಳು ಕಡಿಮೆ, ಸಾಯಲು ಬರುವವುಗಳೇ ಕಡಿಮೆ, ಉಳಿದ ಮ್ಯಾಕ್ರೋಫೇಜ್‌ಗಳಿಗೆ ಎತ್ತುವ ಕೆಲಸಕ್ಕೆ ಬಿಡುವು. ಎಲ್‌ಡಿಎಲ್ ಇನ್ನಷ್ಟು ಇಳಿಸಿದರೆ ಮುಚ್ಚಳವೇ ದಪ್ಪವಾಗುವುದನ್ನು ಈಗ ನಾಳದೊಳಗೆ ಬೆಳಕು ಹಾಯಿಸಿ ಅಳೆಯಬಹುದು. ಹೈಗೆನ್ಸ್ ಎಂಬ ಪರೀಕ್ಷೆಯಲ್ಲಿ, ಸ್ಟ್ಯಾಟಿನ್ ಜೊತೆಗೆ ಎಲ್‌ಡಿಎಲ್ ಇಳಿಸುವ ಎವೊಲೊಕುಮ್ಯಾಬ್ ಚುಚ್ಚುಮದ್ದನ್ನೂ ಪಡೆದವರಲ್ಲಿ ಪದರದ ಅತಿ ತೆಳುವಾದ ಜಾಗ ಒಂದು ವರ್ಷದಲ್ಲಿ ಸುಮಾರು 43 ಮೈಕ್ರಾನ್, ಸ್ಟ್ಯಾಟಿನ್ ಮಾತ್ರ ಪಡೆದವರಲ್ಲಿ ಸುಮಾರು 22 ಮೈಕ್ರಾನ್ ದಪ್ಪವಾಗಿತ್ತು. 65 ಮೈಕ್ರಾನಿನ ಗಡಿಯನ್ನು ನೆನಪಿಟ್ಟುಕೊಂಡರೆ ಇದು ಸಣ್ಣ ಸಂಗತಿಯಲ್ಲ.

ಪ್ರಯೋಗಾಲಯದಿಂದ ಬರುವ ಪ್ರತಿ ಹೊಸ ಸುದ್ದಿಯನ್ನೂ ಒಂದು ಸಂದೇಹದೊಂದಿಗೆ ಓದಬೇಕೆಂಬುದು ನನ್ನ ಅಭಿಪ್ರಾಯ. ಇಲಿಗಳ ಪ್ಲಾಕ್ ಮನುಷ್ಯರದರಂತೆ ಬಿರಿದು ಹೆಪ್ಪು ಕಟ್ಟುವುದು ಅಪರೂಪ. ಅವು ತಿಂಗಳುಗಳಲ್ಲಿ ಪಡೆಯುವ ಕಾಯಿಲೆಯನ್ನು ನಾವು ದಶಕಗಳಲ್ಲಿ ಪಡೆಯುತ್ತೇವೆ. ನಮ್ಮ ವಿಷಯದಲ್ಲಿ ಆ ದಶಕಗಳೂ ಕಡಿಮೆ. 52 ದೇಶಗಳ ಇಂಟರ್‌ಹಾರ್ಟ್ ಅಧ್ಯಯನದಲ್ಲಿ ದಕ್ಷಿಣ ಏಷ್ಯಾದವರ ಮೊದಲ ಹೃದಯಾಘಾತದ ಸರಾಸರಿ ವಯಸ್ಸು 53, ಉಳಿದವರದು ಸುಮಾರು 59. ಅಲ್ಲದೆ, ಒಬ್ಬ ಜೀವಂತ ಮನುಷ್ಯನ ಪ್ಲಾಕಿನಲ್ಲಿ ಸತ್ತ ಕೋಶಗಳು ಎಷ್ಟು ಬೇಗ ನುಂಗಲ್ಪಡುತ್ತಿವೆ ಎಂದು ಹೇಳುವ ರಕ್ತಪರೀಕ್ಷೆ ಯಾವ ಲ್ಯಾಬಿನಲ್ಲೂ ಇಲ್ಲ. ನಮಗಿರುವುದು ಲಿಪಿಡ್ ಪ್ರೊಫೈಲ್, ಹೆಚ್ಚೆಂದರೆ ಸಿಆರ್‌ಪಿ.

ಶಿಡ್ಲಘಟ್ಟದ ಹತ್ತಿರದ ಹಳ್ಳಿಯಲ್ಲಿ ರೇಷ್ಮೆ ಬೆಳೆಯುವ ನಮ್ಮ ಭಾವನವರಿಗೆ ಸ್ಟೆಂಟ್ ಹಾಕಿಸಿಕೊಂಡ ಮೇಲೆ ಸ್ಟ್ಯಾಟಿನ್ ಮಾತ್ರೆ ಬೇಡವೆಂಬ ಒಂದೇ ಹಟ. "ಏನಪ್ಪಾ ಮೇಷ್ಟ್ರೇ, ದಾರಿ ಬಿಡಿಸಿ ಆಯ್ತಲ್ಲ, ಇನ್ನೂ ಯಾಕೆ ಈ ರಾತ್ರಿ ಮಾತ್ರೆ?" ಎಂದು ಕೇಳಿದರು. ಸ್ಟೆಂಟ್ ಒಂದು ಜಾಗದ ಕಿರಿದನ್ನು ಅಗಲ ಮಾಡಿದೆ. ಪ್ಲಾಕ್ ಇರುವುದು ಆ ಒಂದು ಜಾಗದಲ್ಲಲ್ಲ, ಹೃದಯದ ಬೇರೆ ನಾಳಗಳಲ್ಲೂ ಕತ್ತಿನ ನಾಳಗಳಲ್ಲೂ ಇರಬಹುದು. ಹೃದಯ ಜ್ಯೋತಿ ಯೋಜನೆಯಡಿ ತಾಲ್ಲೂಕು ಆಸ್ಪತ್ರೆಗಳಲ್ಲಿ ಉಚಿತವಾಗಿ ಕೊಡುವ ಟೆನೆಕ್ಟೆಪ್ಲೇಸ್ ಚುಚ್ಚುಮದ್ದು ಕೂಡ ಕರಗಿಸುವುದು ಹೆಪ್ಪನ್ನು, ಅದರ ಕೆಳಗಿನ ಸತ್ತ ಗರ್ಭವನ್ನಲ್ಲ. ಇದನ್ನೆಲ್ಲ ಅವರಿಗೆ ಹೇಳಿದೆ. "ಹಂಗಾದ್ರೆ ಒಳಗೆ ಸತ್ತು ಬಿದ್ದಿರೋದನ್ನ ಎತ್ತೋಕೆ ಮದ್ದು ಇಲ್ವಾ?" ಎಂದರು. ನೇರವಾಗಿ ಎತ್ತಿಸುವ ಮದ್ದು ಇನ್ನೂ ಬಂದಿಲ್ಲ, ಈ ಮಾತ್ರೆ ಹೊಸದಾಗಿ ಬಂದು ಸಾಯುವವನ್ನು ಕಡಿಮೆ ಮಾಡುತ್ತದೆ, ಇರುವ ಮುಚ್ಚಳವನ್ನು ಗಟ್ಟಿಮಾಡುತ್ತದೆ, ಬೀಡಿ ಬಿಟ್ಟರೆ ಮಾತ್ರೆಯ ಕೆಲಸ ಹಗುರವಾಗುತ್ತದೆ ಎಂದೆ. ಮೈಕೈ ನೋವು ಬಂದರೆ ತಾವೇ ನಿಲ್ಲಿಸದೆ ವೈದ್ಯರಿಗೆ ಹೇಳಬೇಕು, ಅವರು ಪ್ರಮಾಣವನ್ನೋ ಮಾತ್ರೆಯನ್ನೋ ಬದಲಿಸುತ್ತಾರೆ ಎಂದೂ ಸೇರಿಸಿದೆ. ಬೀಡಿಯ ಮಾತಿಗೆ ಅವರು ಉತ್ತರ ಕೊಡಲಿಲ್ಲ. ಮುಂದಿನ ಎಲ್‌ಡಿಎಲ್ ಪರೀಕ್ಷೆಯನ್ನು ಈ ಬೆಳೆಯ ಗೂಡು ಮಾರಿದ ಮೇಲೆ ಮಾಡಿಸುವುದೆಂದು ಅಕ್ಕ ತೀರ್ಮಾನಿಸಿದ್ದಾಳೆ.